ಬೆಟ್ಟದ ಮರದ ಮನೆಗೆ ಎರಡನೇ ಸಲ

ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಬೆಟ್ಟಕ್ಕೆ ಹೋಗಿ ಗೇಟು ನೋಡಿಕೊಂಡು ಬಂದೆವು.

ನಗಬೇಡಿ. ಇದನ್ನು ಓದುತ್ತಿರುವವರಲ್ಲೂ ಕೆಲವರು ಹೀಗೆ ಹೋಗಿ ಹೀಗೇ ಬಂದಿರುತ್ತೀರಿ, ಬಾಯಿ ಬಿಟ್ಟು ಹೇಳಿಕೊಂಡಿರುವುದಿಲ್ಲ ಅಷ್ಟೆ. ಏಳು ಗಂಟೆ ಕಾಲ ವ್ಯಾನಿನಲ್ಲಿ ಕೂತು ಎಲ್ಲರಿಗೂ ಸೊಂಟ ಹಿಡಿದುಕೊಂಡಿತ್ತು. ಕೊನೆಯ ತಿರುವು ದಾಟಿದರೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು. ಗೇಟಿಗೆ ಬೀಗ. ಪಕ್ಕದಲ್ಲೊಂದು ಹಲಗೆ: ಚಳಿಗಾಲ ಮುಗಿಯುವವರೆಗೆ ಮೇಲಿನ ರಸ್ತೆ ಮುಚ್ಚಿದೆ.

"ಈ ಗೇಟು ಮೊದಲು ಇರಲಿಲ್ಲ" ಅಂದರು ನಮ್ಮ ಯಜಮಾನರು.

"ಮೊದಲು ಅಂದ್ರೆ ಯಾವಾಗಪ್ಪ?" ಅಂದಳು ವ್ಯಾನು ಓಡಿಸುತ್ತಿದ್ದ ಮಗಳು.

"ನಾನು ಹತ್ತು ವರ್ಷದವನಿದ್ದಾಗ."

ಅವರಿಗೆ ಈಗ ಅರವತ್ತೆರಡು. ಮಗಳು ನನ್ನ ಮುಖ ನೋಡಿದಳು, ನಾನು ಕಿಟಕಿ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ವ್ಯಾನಿನಿಂದ ಇಳಿದು ಗೇಟಿನ ಸರಳು ಹಿಡಿದು ನಿಂತಿದ್ದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಸುಮಾರು ಹೊತ್ತು ಮೇಲೆ ನೋಡಿದರು. ಆಮೇಲೆ "ಕಾಣಿಸೋದು ಅಷ್ಟಕ್ಕಷ್ಟೇ, ಆದ್ರೆ ವಾಸನೆ ಮಾತ್ರ ಅದೇ ಕಣೇ" ಅಂದರು ನನಗೆ. ಆ ಮಾತು ಕೇಳಿ ನಾನು ಗೇಟಿನ ಬೀಗವನ್ನು ಎರಡು ಸಲ ಎಳೆದು ನೋಡಿದೆ. ಯಾಕೆಂದು ಹೇಳುತ್ತೇನೆ.

ಅತ್ತಿಗೆಗೆ ಎಪ್ಪತ್ತು ವರ್ಷ. ಅವರ ಕಣ್ಣು ಅಂಚಿನಿಂದ ಒಳಗೆ ಸ್ವಲ್ಪ ಸ್ವಲ್ಪವೇ ಮಬ್ಬಾಗುತ್ತಾ ಬರುತ್ತಿದೆ. ಹೋದ ನೋಟ ವಾಪಸ್ ಬರುವುದಿಲ್ಲ, ಹನಿ ಔಷಧಿ ಬಿಟ್ಟುಕೊಂಡರೆ ಉಳಿದದ್ದು ಸ್ವಲ್ಪ ದಿನ ನಿಲ್ಲುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. "ನೋಡಬೇಕು ಅನ್ನಿಸಿದ್ದನ್ನ ಈಗಲೇ ನೋಡ್ಕೊಳ್ಳಿಮ್ಮ" ಅಂದಿದ್ದರು. ಜೀವನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳದ ಅತ್ತಿಗೆ ಆವತ್ತು ತಮ್ಮನ ಹತ್ತಿರ ಒಂದೇ ಒಂದು ಕೇಳಿದರು. "ಆ ಬೆಟ್ಟದ ಮರದ ಮನೆ ಒಂದ್ಸಲ ನೋಡಬೇಕು ಕಣೋ."

ಆ ಮರದ ಮನೆಯ ಕಥೆ ನನಗೆ ಬಾಯಿಪಾಠ. ಮದುವೆಯಾದ ವಾರದಿಂದ ಕೇಳುತ್ತಿದ್ದೇನೆ. ನಮ್ಮ ಯಜಮಾನರ ಹಾಗೆ ನಮ್ಮ ಮಾವನವರೂ ಟೈಲರ್. ವರ್ಷಕ್ಕೊಮ್ಮೆ, ಪ್ರವಾಸಿಗರು ಬರುವ ಮುಂಚೆ, ಬೆಟ್ಟದ ಮೇಲಿನ ಬಾಡಿಗೆ ಮನೆಗಳಿಗೆಲ್ಲ ಪರದೆ, ಹಾಸಿಗೆ ಗವುಸು ಹೊಲಿದುಕೊಡುವುದು ಅವರ ಕೆಲಸ. ಹೊಲಿಗೆ ಮಿಷನ್ನನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿ, ತಾಯಿಯಿಲ್ಲದ ಎರಡು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಎರಡು ವಾರ ಅಲ್ಲೇ ವಾಸ. ಮನೆಯ ಬೀಗದ ಕೈ ಜಗಲಿಯ ಕಂಬದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಹದಿನೆಂಟರ ಅಕ್ಕ ಕಿಟಕಿ ಪಕ್ಕ ಕೂತು ಕೆಂಪು ಚೌಕಳಿ ಬಟ್ಟೆಯ ಅಂಚು ಮಡಿಸುತ್ತಿದ್ದಳು, ಹತ್ತರ ತಮ್ಮ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಬೆಳಿಗ್ಗೆ ಕಿಟಕಿ ಗಾಜಿನ ಮೇಲಿನ ಇಬ್ಬನಿಯಲ್ಲಿ ಬೆರಳಿನಿಂದ ಚಿತ್ರ ಬರೆಯುತ್ತಿದ್ದರು. ಸಂಜೆಯಾದರೆ ಬಯಲಿನ ಅಂಚಿಗೆ ಒಂದು ಕರಡಿ ಬರುತ್ತಿತ್ತು. ಅದರ ಎಡಗಿವಿ ಹರಿದಿತ್ತು. ಇಬ್ಬರೂ ಜಗಲಿಯ ತುದಿಯಲ್ಲಿ ಬ್ರೆಡ್ಡಿನ ಚೂರು ಇಟ್ಟು, ಒಳಗೆ ಓಡಿ, ಕಿಟಕಿಯಿಂದ ನೋಡುತ್ತಿದ್ದರು. ಮೂರು ವರ್ಷ ಬಂತಂತೆ. ನಾಲ್ಕನೇ ವರ್ಷ ಬರಲಿಲ್ಲ. "ಅದು ಬೆಟ್ಟ ದಾಟಿ ಆಚೆ ಕಾಡಿಗೆ ಹೋಗಿದೆ, ಅಲ್ಲಿ ಅದಕ್ಕೆ ಮರಿಗಳಿವೆ" ಎಂದು ಅಕ್ಕ ಹೇಳಿದ್ದಳು. ಈ ಮಾತನ್ನು ಹೇಳುವಾಗಲೆಲ್ಲ ನಮ್ಮ ಯಜಮಾನರ ಮುಖ ಹತ್ತು ವರ್ಷದ ಹುಡುಗನದ್ದಾಗುತ್ತದೆ.

ಇಂಥ ಮನುಷ್ಯ ಪ್ರವಾಸದ ತಯಾರಿ ಮಾಡಿದರೆ ಹೇಗಿರುತ್ತದೆ? ಗೇಟು ನೋಡಿಕೊಂಡು ಬಂದ ಹಾಗಿರುತ್ತದೆ. ಅಂಗಡಿ ಬೀದಿಯಲ್ಲಿ ಅವರಿಗೆ 'ಕಣ್ಣಳತೆ ಟೈಲರ್' ಅಂತಲೇ ಹೆಸರು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಮೇಲಿನಿಂದ ಕೆಳಗೆ ಒಂದು ಸಲ ನೋಡಿ, "ಆಯ್ತು, ಗುರುವಾರ ಬನ್ನಿ" ಅನ್ನುತ್ತಾರೆ. ಟೇಪು ಕೊರಳಲ್ಲಿ ಬರೀ ಅಲಂಕಾರಕ್ಕೆ. ಬೆಟ್ಟವನ್ನೂ ಹಾಗೇ ಅಳೆದಿದ್ದರು.

ಮರುವರ್ಷ ಮತ್ತೆ ಶುರುವಾಯಿತು. "ಈ ಸಲ ಬೇಸಿಗೇಲಿ ಹೋದ್ರಾಯ್ತು. ಗೇಟು ತೆಗೆದಿರುತ್ತೆ. ಅದಕ್ಕೇನು ಮಹಾ ತಯಾರಿ?" ಅಂದರು. ಅತ್ತಿಗೆ ಅಂಗಡಿಯ ಹಿಂದಿನ ಬೆಂಚಿನಲ್ಲಿ ಕೂತು ಕಾಜ ಹೊಲಿಯುತ್ತಿದ್ದರು. ಈಗ ಅವರು ಗುಂಡಿಯ ಕಾಜವನ್ನು ಬೆರಳಿನಲ್ಲೇ ನೋಡುತ್ತಾರೆ. ತಮ್ಮನ ಮಾತು ಕೇಳಿ ಮುಂದಿನ ಕಾಜಕ್ಕೆ ಬೆರಳಿಟ್ಟರು. ಇನ್ನೊಂದು ಗೇಟು ನೋಡುವಷ್ಟು ಕಣ್ಣು ಅವರಲ್ಲಿ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ಹಾಗಂತ ಬಾಯಿ ಬಿಟ್ಟು ಹೇಳುವ ಧೈರ್ಯ ನನಗೂ ಬರಲಿಲ್ಲ.

ಆಗ ಅಂಗಡಿಗೆ ಬಂದವರು ಗಾರ್ಡಣ್ಣ. ಮೊದಲು ರಾಷ್ಟ್ರೀಯ ಉದ್ಯಾನದಲ್ಲಿ ಕಾಡು ಕಾಯುವ ಕೆಲಸದಲ್ಲಿದ್ದವರು, ನಿವೃತ್ತರಾಗಿ ನಮ್ಮ ಬೀದಿಯ ತುದಿಯಲ್ಲಿ ಮಗಳ ಮನೆ ಸೇರಿದ್ದಾರೆ. ಕೈಯಲ್ಲಿ ಒಂದು ಕೋಟು ಇತ್ತು.

"ಏನ್ ಟೈಲರ್ ಸಾಹೇಬ್ರೇ, ಮತ್ತೆ ಬೆಟ್ಟನಾ?" ಅಂದರು. "ಯಾವ ತಿಂಗಳು?"

"ಬೇಸಿಗೇಲಿ ಗಾರ್ಡಣ್ಣ. ತಿಂಗಳು ನೋಡ್ಕೊಂಡು."

"ಮನೆ ಗೊತ್ತು ಮಾಡಿದೀರಾ?"

"ಅಲ್ಲಿ ಹೋದ್ರೆ ಸಿಗುತ್ತೆ."

"ಮನೆಗೆ ಎಷ್ಟು ಮೆಟ್ಟಿಲು?"

ಯಜಮಾನರು ನಕ್ಕರು. "ಪ್ರವಾಸ ಹೋಗೋರು ಮೆಟ್ಟಿಲು ಎಣಿಸ್ತಾರಾ?"

"ಎಣಿಸಬೇಕು. ನಿಮ್ಮ ಅಕ್ಕ ಹತ್ತಬೇಕಲ್ಲ" ಅಂದರು ಗಾರ್ಡಣ್ಣ. ಸ್ಟೂಲಿನ ಮೇಲೆ ಕೂತರು. "ನೋಡಿ, ಒಂದು ಕೋಟು ಹೊಲಿಯೋಕೆ ತೋಳು, ಎದೆ, ಭುಜ ಅಂತ ಅಳತೆ ತಗೊಳ್ಳಲ್ವಾ?"

"ನಾನು ತಗೊಳ್ಳಲ್ಲ" ಅಂದರು ಇವರು, ಜಂಬದಿಂದ.

"ಅದಕ್ಕೇ ಇದನ್ನ ವಾಪಸ್ ತಂದಿದೀನಿ" ಎಂದು ಗಾರ್ಡಣ್ಣ ಕೋಟು ತೊಟ್ಟುಕೊಂಡು ಎರಡೂ ಕೈ ಮುಂದೆ ಚಾಚಿದರು. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು.

ನಾನು ನಗು ತಡೆಯಲಾರದೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಹಿಂದಿನಿಂದ ಅತ್ತಿಗೆ, "ಅಪ್ಪ ಹತ್ತು ಸಲ ಅಳೆದು ಒಂದು ಸಲ ಕತ್ತರಿ ಹಾಕ್ತಿದ್ರು. ಇವನಿಗೆ ಅದೊಂದು ಬಿಟ್ಟು ಎಲ್ಲ ಬಂತು" ಅಂದರು. ಯಜಮಾನರು ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಮುಖ ಸಣ್ಣದಾಗಿತ್ತು, ಆದರೆ ಕಿವಿ ತೆರೆದಿತ್ತು.

ಗಾರ್ಡಣ್ಣ ಹೇಳುತ್ತಾ ಹೋದರು, ನಾನು ಅಳತೆ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ. ಮೊದಲು ಪಾರ್ಕಿನ ಕಚೇರಿಗೆ ಫೋನು ಮಾಡಿ, ಯಾವ ರಸ್ತೆ ಯಾವ ತಿಂಗಳು ತೆಗೆದಿರುತ್ತದೆ, ಒಳಗೆ ಹೋಗಲು ಮುಂಚೆಯೇ ಪರ್ಮಿಟ್ ಬೇಕಾ ಎಂದು ಕೇಳಬೇಕು. ಆಮೇಲೆ ಮನೆ. ಕಾಡಿನ ಅಂಚಿನ ಮರದ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು, ಕೇಳುವವರು ಸಾವಿರ. ನಾಲ್ಕೈದು ತಿಂಗಳು ಮುಂಚೆಯೇ ಗೊತ್ತು ಮಾಡಬೇಕು.

"ಫೋಟೋ ನೋಡಿ ಮರುಳಾಗಬೇಡಿ" ಅಂದರು. "ಮನೆಯವರಿಗೇ ಫೋನು ಮಾಡಿ. ಮೆಟ್ಟಿಲೆಷ್ಟು, ಹಿಡಿಕೆ ಇದೆಯಾ, ಬಚ್ಚಲು ಒಳಗಿದೆಯಾ, ಚಳಿಗೆ ಒಲೆ ಇದೆಯಾ, ಕಂಬಳಿ ಅವರು ಕೊಡ್ತಾರಾ, ವ್ಯಾನು ಬಾಗಿಲ ತನಕ ಹೋಗುತ್ತಾ, ಎಲ್ಲ ಕೇಳಿ. ಗೇಟಿಂದ ಎಷ್ಟು ಮೈಲಿ ಅಂತ ಕೇಳಬೇಡಿ. ಎಷ್ಟು ಹೊತ್ತು ಅಂತ ಕೇಳಿ. ಬೆಟ್ಟದಲ್ಲಿ ಹತ್ತು ಮೈಲಿ ಅಂದ್ರೆ ಒಂದು ಗಂಟೆ."

"ದಾರಿ ಫೋನಲ್ಲಿ ಕಾಣುತ್ತಲ್ಲ" ಅಂದೆ ನಾನು.

"ಅಲ್ಲಿ ನೆಟ್‌ವರ್ಕ್ ಇರಲ್ಲಮ್ಮ. ಕಾಗದದ ನಕ್ಷೆ ಇಟ್ಕೊಳ್ಳಿ. ಕೊನೇ ಪೇಟೇಲಿ ಟ್ಯಾಂಕು ತುಂಬಿಸ್ಕೊಳ್ಳಿ. ಬೆಳಕಿರುವಾಗಲೇ ಮನೆ ಸೇರ್ಕೊಳ್ಳಿ. ಎಲ್ಲಿ ಇರ್ತೀವಿ, ಯಾವತ್ತು ವಾಪಸ್ ಬರ್ತೀವಿ ಅಂತ ಇಲ್ಲೊಬ್ಬರಿಗೆ ಹೇಳಿ ಹೋಗಿ. ಆ ದಿನ ಬರದಿದ್ರೆ ಅವರು ಪಾರ್ಕಿಗೆ ಫೋನು ಮಾಡಲಿ."

"ಸೌದೆ ಇಲ್ಲಿಂದಲೇ ಹಾಕ್ಕೊಂಡು ಹೋಗ್ತೀವಿ, ವ್ಯಾನು ಹೇಗೂ ಖಾಲಿ" ಅಂದರು ಯಜಮಾನರು, ಸೋತರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ.

"ಬೇಡ. ಇಲ್ಲಿನ ಸೌದೇಲಿ ಇಲ್ಲಿನ ಹುಳ ಇರುತ್ತೆ. ಅಲ್ಲಿನ ಮರಕ್ಕೆ ಅದು ರೋಗ. ಅಲ್ಲೇ ತಗೊಳ್ಳಿ."

"ಆಗಲಪ್ಪ. ಎಲ್ಲ ನೀವು ಹೇಳಿದ ಹಾಗೆ. ಒಂದು ಮಾತ್ರ ನನಗೆ ಬಿಡಿ" ಅಂದರು ಇವರು. "ಎರಡು ಪೌಂಡು ಬ್ರೆಡ್ಡು ತಗೊಂಡು ಹೋಗ್ತೀನಿ. ಕರಡಿಗೆ. ನಮ್ಮ ಕರಡಿಯ ಮರಿಮರಿಗಳು ಯಾವುದಾದ್ರೂ ಬರಬಹುದು. ಅಕ್ಕ ನೋಡಲಿ."

ಗಾರ್ಡಣ್ಣ ಟೀ ಲೋಟ ಕೆಳಗಿಟ್ಟರು.

"ನಾನು ಕೆಲಸಕ್ಕೆ ಸೇರಿದ ಹೊಸದು" ಅಂದರು. "ಇಪ್ಪತ್ತು ವರ್ಷ ವಯಸ್ಸು. ಬಾಡಿಗೆ ಮನೆಗಳ ಹತ್ತಿರ ಒಂದು ಕರಡಿ ಬರೋಕೆ ಶುರುವಾಗಿತ್ತು. ಯಾರೋ ಬ್ರೆಡ್ಡು ಹಾಕಿ ರೂಢಿ ಮಾಡಿಬಿಟ್ಟಿದ್ರು. ಮನೆಗಳು ಖಾಲಿಯಾದ ಮೇಲೂ ಅದು ಬಂತು. ಬ್ರೆಡ್ಡು ಇಲ್ಲ. ಒಂದು ಅಡುಗೆಮನೆ ಬಾಗಿಲು ಮುರೀತು, ಆಮೇಲೆ ಇನ್ನೊಂದು. ಎರಡನೇ ಮನೇಲಿ ವರ್ಷವೆಲ್ಲ ಅಲ್ಲೇ ಇರೋ ಒಬ್ಬ ಅಜ್ಜಿ ಇದ್ರು. ಅವರಿಗೇನೂ ಆಗಲಿಲ್ಲ, ಪುಣ್ಯ. ಆದ್ರೆ ಮನುಷ್ಯರ ಹೆದರಿಕೆ ಹೋದ ಪ್ರಾಣೀನ ಹಾಗೇ ಬಿಡೋ ಹಾಗಿರಲಿಲ್ಲ. ದೂರ ಒಯ್ದು ಬಿಟ್ಟೆವು. ಹತ್ತೇ ದಿನಕ್ಕೆ ವಾಪಸ್ ಬಂತು. ಕೊನೆಗೆ ಗುಂಡು ಹಾರಿಸಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಎಡಗಿವಿ ಹರಿದಿತ್ತು ಅದರದ್ದು. ಅದಷ್ಟು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ."

ಯಜಮಾನರು ನಿಧಾನವಾಗಿ ಹಿಂದಕ್ಕೆ ತಿರುಗಿ ಅಕ್ಕನ ಕಡೆ ನೋಡಿದರು.

ಅತ್ತಿಗೆಯ ಸೂಜಿ ನಿಂತಿತ್ತು.

"ನನಗೆ ಗೊತ್ತಿತ್ತು ಕಣೋ" ಅಂದರು. "ನಾಲ್ಕನೇ ವರ್ಷ ನಾವು ಹೋದಾಗ ಅಪ್ಪ ನನಗೆ ಹೇಳಿದ್ರು. ನೀನು ದಿನಾ ಸಂಜೆ ಬ್ರೆಡ್ಡು ಹಿಡ್ಕೊಂಡು ಜಗಲೀಲಿ ಕೂತಿರ್ತಿದ್ದೆ. ಹೇಗೆ ಹೇಳಲಿ ನಿನಗೆ? ಅದಕ್ಕೇ ಬೆಟ್ಟ ದಾಟಿಸಿಬಿಟ್ಟೆ."

"ಮರಿಗಳು?" ಅಂದರು ಇವರು.

"ಅದೂ ನಾನೇ ಹುಟ್ಟಿಸಿದ್ದು."

ಗಾರ್ಡಣ್ಣ ಎದ್ದು ನಿಂತರು. "ಅಯ್ಯೋ, ನಂಗೆ ಗೊತ್ತಿರಲಿಲ್ಲ ಸಾಹೇಬ್ರೇ. ಕ್ಷಮಿಸಿ" ಅಂದರು. ಯಜಮಾನರು ಅವರ ಕೈ ಹಿಡಿದು ಕೂರಿಸಿದರು. ಆ ಸಂಜೆ ಅವರು ಊಟ ಮಾಡಲಿಲ್ಲ. ಐವತ್ತು ವರ್ಷ ಅಕ್ಕರೆಯಿಂದ ಕಾಪಾಡಿಕೊಂಡು ಬಂದ ನೆನಪಿನೊಳಗೆ ತಮ್ಮದೇ ತಪ್ಪು ಕೂತಿದೆಯೆಂದು ತಿಳಿದರೆ ಯಾರಿಗೆ ತಾನೆ ತುತ್ತು ಇಳಿಯುತ್ತದೆ? ಪ್ರವಾಸವೇ ಬೇಡ ಎಂದರು. ಅತ್ತಿಗೆ ಮಾತ್ರ, "ಬೇಡ ಅನ್ನೋಕೆ ನೀನ್ಯಾರು? ನೋಡಬೇಕು ಅಂದಿದ್ದು ನಾನು. ಸರಿಯಾಗಿ ಹೋಗೋಣ, ಅಷ್ಟೆ" ಅಂದರು.

ಮರುದಿನ ಬೆಳಿಗ್ಗೆ ಇವರು ಅಂಗಡಿ ತೆರೆದು ಮಾಡಿದ ಮೊದಲ ಕೆಲಸವೆಂದರೆ ಗಾರ್ಡಣ್ಣನನ್ನು ಕರೆಸಿ ಟೇಪು ಹಿಡಿದು ತೋಳು ಅಳೆದದ್ದು. ಎರಡನೆಯದು, ಪಾರ್ಕಿನ ಕಚೇರಿಗೆ ಫೋನು.

ಕಚೇರಿಯವರು ತಿಂಗಳು ಹೇಳಿದರು. ಮಗಳು ಮನೆ ಹುಡುಕಿದಳು. ಎರಡು ಮನೆಯವರು ಇಲ್ಲ ಅಂದರು, ಮೂರನೆಯವರು ಐದು ತಿಂಗಳ ನಂತರದ ಒಂದು ವಾರ ಕೊಟ್ಟರು. ಮೂರೇ ಮೆಟ್ಟಿಲು, ಎರಡೂ ಕಡೆ ಹಿಡಿಕೆ. ಅತ್ತಿಗೆಯ ಕಣ್ಣಿನ ಹನಿ ಎರಡೆರಡು ಬಾಟಲಿ ತೆಗೆದುಕೊಂಡೆವು, ಒಂದು ಒಡೆದರೆ ಇನ್ನೊಂದಿರಲಿ ಎಂದು. ಅಷ್ಟು ಎತ್ತರಕ್ಕೆ ಹೋಗಬಹುದೇ ಎಂದು ಡಾಕ್ಟರನ್ನೂ ಕೇಳಿದೆವು. ಒಂದೇ ದಪ್ಪ ಕೋಟಿನ ಬದಲು ಒಂದರ ಮೇಲೊಂದು ಹಾಕಿಕೊಳ್ಳುವ ತೆಳು ಬಟ್ಟೆ ಕಟ್ಟಿಕೊಂಡೆವು, ಯಾಕೆಂದರೆ ಬೆಟ್ಟದಲ್ಲಿ ಬೆಳಿಗ್ಗೆ ನಡುಗಿಸಿ ಮಧ್ಯಾಹ್ನ ಬೆವರಿಸುತ್ತದೆ. ನಾವು ಬರುವ ದಿನವನ್ನು ಗಾರ್ಡಣ್ಣ ತಮ್ಮ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು. ಹೊಸ ತೋಳಿನ ಕೋಟು ಹಾಕಿಕೊಂಡು ಬಂದು ನಮ್ಮನ್ನು ಕಳಿಸಿಕೊಟ್ಟರು.

ಗೇಟು ತೆರೆದಿತ್ತು. ದಾಟುವಾಗ ಅತ್ತಿಗೆ ಕಿಟಕಿಯ ಗಾಜು ಇಳಿಸಿದರು.

ಬಿಸಿಲಿರುವಾಗಲೇ ಮನೆ ಸೇರಿದೆವು. ಅದು ಹಳೆಯ ಮನೆಯಲ್ಲ, ಅದರ ಪಕ್ಕದ್ದು. ಆದರೆ ಅದೇ ಬಯಲು, ಅದೇ ಹಳ್ಳ, ಅದೇ ಮರಗಳ ಸಾಲು. ಅತ್ತಿಗೆ ಬಾಗಿಲು ದಾಟಿದವರೇ ಕಿಟಕಿ ಪರದೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಮಿಷನ್ ಹೊಲಿಗೆ. ಎರಡು ವರ್ಷ ಬಂದ್ರೆ ಹೆಚ್ಚು" ಅಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಎತ್ತರಕ್ಕೆ ತಲೆ ಭಾರವಾಗಿತ್ತು, ಹಾಗಾಗಿ ಮೊದಲ ದಿನ ಎಲ್ಲೂ ಹೋಗದೆ, ನೀರು ಕುಡಿಯುತ್ತಾ ಜಗಲಿಯಲ್ಲಿ ಕೂತೆವು. ಅಕ್ಕ, ತಮ್ಮ ಇಬ್ಬರೂ ಹಳೆಯ ಮಾತನ್ನೆಲ್ಲ ತೆಗೆದರು. ಅಪ್ಪ ಎಲ್ಲಿ ಮಿಷನ್ ಇಡುತ್ತಿದ್ದರು, ಕತ್ತರಿ ಕಳೆದದ್ದು ಎಲ್ಲಿ, ಸಿಕ್ಕಿದ್ದು ಎಲ್ಲಿ. ಕೇಳಿ ಕೇಳಿ ನನಗೆ ಬಾಯಿಪಾಠವಾಗಿದ್ದ ಕಥೆ ಅಲ್ಲಿ ಕೂತು ಕೇಳಿದರೆ ಹೊಸದಾಗಿತ್ತು.

ಇನ್ನು ನಮ್ಮ ಯಜಮಾನರು. ಹೊಸದಾಗಿ ಬುದ್ಧಿ ಬಂದವರ ಕಾಟ ತಡೆಯುವುದು ಕಷ್ಟ. ತಿನ್ನುವುದೆಲ್ಲ ಮನೆಯೊಳಗೆ ಬೀಗದ ಪೆಟ್ಟಿಗೆಯಲ್ಲಿ. ವ್ಯಾನಿನಲ್ಲಿ ಒಂದು ಬಿಸ್ಕತ್ತಿನ ಪುಡಿಯೂ ಇರಬಾರದೆಂದು ಸೀಟಿನ ಕೆಳಗೆ ಕೈ ಹಾಕಿ ಗುಡಿಸಿದರು. ವಾಸನೆ ಬರುತ್ತದೆಂದು ಕಿಟಕಿ ಮೇಲಿನ ಸೋಪನ್ನೂ ಟೂತ್‌ಪೇಸ್ಟನ್ನೂ ಒಳಗಿಟ್ಟರು. ಅತ್ತಿಗೆಯ ಹೊಲಿಗೆ ಡಬ್ಬದಲ್ಲಿ ಒಂದು ಪೆಪ್ಪರಮಿಂಟು ಸಿಕ್ಕಿತು.

"ಇದೇನಕ್ಕ ಇದು?"

"ಗಂಟಲಿಗೆ ಕಣೋ."

"ಬಾಯಿಗೆ ಹಾಕ್ಕೋ, ಇಲ್ಲಾಂದ್ರೆ ಪೆಟ್ಟಿಗೆಗೆ ಹಾಕ್ತೀನಿ" ಅಂದರು. ಅತ್ತಿಗೆ ಬಾಯಿಗೆ ಹಾಕಿಕೊಂಡರು. ಅದರ ಕಾಗದ ನಮ್ಮ ಕಸದ ಚೀಲಕ್ಕೆ ಹೋಯಿತು, ಆ ಚೀಲ ನಮ್ಮ ಜೊತೆಗೇ ಊರಿಗೆ ಬಂತು.

ಮೂರನೇ ದಿನ ಬೆಳಿಗ್ಗೆ ನಾವು ಜಗಲಿಯಲ್ಲಿ ಟೀ ಕುಡಿಯುತ್ತಿದ್ದೆವು. ಮಗಳು ಕೈಯೆತ್ತಿ ಸನ್ನೆ ಮಾಡಿದಳು. ಹಳ್ಳದ ಆಚೆ, ಬಯಲಿನ ಅಂಚಿನಲ್ಲಿ, ಒಂದು ಕರಡಿ. ನೂರು ಹೆಜ್ಜೆಗಿಂತ ಎಷ್ಟೋ ದೂರ. ನಾವು ಸದ್ದಿಲ್ಲದೆ ಲೋಟ ಹಿಡಿದುಕೊಂಡು ಒಳಗೆ ಬಂದು ಕಿಟಕಿ ಹತ್ತಿರ ನಿಂತೆವು. ಅತ್ತಿಗೆ ಕುರ್ಚಿ ಎಳೆದುಕೊಂಡು ಗಾಜಿಗೆ ಮುಖವಿಟ್ಟರು. ಯಜಮಾನರು ಅವರ ಪಕ್ಕದಲ್ಲಿ ಮಂಡಿಯೂರಿ ಕೂತರು.

"ಕಪ್ಪಗೆ ಒಂದು ಹೋಗ್ತಾ ಇದೆ, ಅದೇ ತಾನೆ?" ಅಂದರು ಅತ್ತಿಗೆ.

"ಅದೇ ಅಕ್ಕ."

"ಕಿವಿ ನೋಡು."

ಇವರು ಗಾರ್ಡಣ್ಣ ಕೊಟ್ಟ ದುರ್ಬೀನು ಹಿಡಿದು ನೋಡಿದರು. "ಎರಡೂ ಚೆನ್ನಾಗಿವೆ."

"ನಮ್ಮ ಕಡೆ ನೋಡ್ತಾ ಇದೆಯಾ?"

"ಇಲ್ಲ. ಹಣ್ಣಿನ ಪೊದೆ ಮುರೀತಾ ಇದೆ. ಈ ಕಡೆ ತಿರುಗೇ ಇಲ್ಲ."

"ತಿರುಗದೇ ಇರಲಿ" ಅಂದರು ಅತ್ತಿಗೆ. "ಅದಕ್ಕೆ ನಾವು ಯಾರು ಅಂತ ಗೊತ್ತಾಗದೇ ಇರಲಿ."

ಕರಡಿ ತನ್ನ ಪಾಡಿಗೆ ತಾನು ಹಣ್ಣು ತಿಂದು, ಬೆನ್ನು ತಿರುಗಿಸಿ, ಬೆಟ್ಟದ ಕಡೆ ಹೊರಟಿತು. ಅತ್ತಿಗೆ ಗಾಜಿನ ಮೇಲಿನ ಇಬ್ಬನಿಯನ್ನು ಅಂಗೈಯಲ್ಲಿ ಒರೆಸಿ ಒರೆಸಿ ನೋಡಿದರು. ಅದು ಮರಗಳೊಳಗೆ ಹೋದ ಮೇಲೂ ನೋಡುತ್ತಿದ್ದರು. "ಈಗ ನಿಜವಾಗಿ ದಾಟ್ತು ನೋಡು ಬೆಟ್ಟ" ಅಂದರು. ನಮ್ಮ ಯಜಮಾನರು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇಕೆ.

ಊರಿಗೆ ಬಂದು ಈಗ ಎಂಟು ತಿಂಗಳು. ಅತ್ತಿಗೆಗೆ ಈಗ ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ಕಾಣುವುದಿಲ್ಲ. ಆದರೆ ಕಾಜ ಹೊಲಿಯುತ್ತಾ ಕೂತಾಗ ಒಮ್ಮೊಮ್ಮೆ ತಾವೇ ನಗುತ್ತಾರೆ. ಯಾಕೆ ಎಂದು ಕೇಳಿದರೆ, "ಹಣ್ಣು ತಿಂತಾ ಇದೆ ಕಣೇ" ಅನ್ನುತ್ತಾರೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವೂ ಕಾಡಿನ ಅಂಚಿನ ಮನೆಗೆ ಹೋಗಿ ಬನ್ನಿ. ಆದರೆ ಅಳೆದು ಹೋಗಿ. ರಸ್ತೆ ಕೇಳಿ, ತಿಂಗಳು ಕೇಳಿ, ಮೆಟ್ಟಿಲು ಕೇಳಿ. ಮನೆ ಮುಂಚೆಯೇ ಗೊತ್ತು ಮಾಡಿ. ಹೋಗುವ ಜಾಗ, ಬರುವ ದಿನ ಒಬ್ಬರಿಗೆ ಹೇಳಿ. ಕಸ ವಾಪಸ್ ತನ್ನಿ. ಕಾಡಿನ ಪ್ರಾಣಿಗೆ ಪ್ರೀತಿಯಿಂದಲೂ ಒಂದು ತುಂಡು ಬ್ರೆಡ್ಡು ಹಾಕಬೇಡಿ. ನಮ್ಮನ್ನು ನೋಡಿ ದೂರ ಇರುವ ಪ್ರಾಣಿಯೇ ಬದುಕಿ ಉಳಿಯುವುದು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ 'ಒಂದ್ಸಲ ನೋಡಬೇಕು' ಎಂದು ಹೇಳಿ ಸುಮ್ಮನಾದವರು ಒಬ್ಬರು ಇದ್ದೇ ಇರುತ್ತಾರೆ. ನಾವು ಒಂದು ವರ್ಷವನ್ನು ಗೇಟಿನ ಮುಂದೆ ಕಳೆದೆವು. ನೀವು ಕಳೆಯಬೇಡಿ. ಇವತ್ತೇ ಅವರ ಪಕ್ಕದಲ್ಲಿ ಕೂತು, ಏನು ನೋಡಬೇಕು ಎಂದು ಕೇಳಿ, ಫೋನು ಕೈಗೆತ್ತಿಕೊಳ್ಳಿ.